ಎಂಟಡಿ ಹಲಗೆ, ಹತ್ತಡಿ ಕೋಣೆ

ಮರಗೆಲಸ ಕಲಿಯಬೇಕು ಅಂತ ಹೊರಟವಳು ನಾನು. ಮೊದಲು ಕೊಂಡದ್ದು ಟೇಬಲ್ ಸಾ, ಅಂದರೆ ಮೇಜಿನ ನಡುವಿಂದ ಮೇಲೆದ್ದು ತಿರುಗುವ ದುಂಡು ಬ್ಲೇಡಿಗೆ ಮರ ತಳ್ಳಿ ಸೀಳುವ ಯಂತ್ರ. ಒಂದು ಉಳಿ ಇರಲಿಲ್ಲ, ನೆಟ್ಟಗಿನ ಗರಗಸ ಇರಲಿಲ್ಲ, ಮರ ಇಟ್ಟುಕೊಂಡು ಕೂಯ್ಯಲು ಒಂದು ಮೇಜೂ ಇರಲಿಲ್ಲ. ಆದರೆ ನೋಡಿದ ವಿಡಿಯೋಗಳಲ್ಲೆಲ್ಲ ಕೋಣೆಯ ನಡುವೆ ಟೇಬಲ್ ಸಾ ಇರುತ್ತಿತ್ತಲ್ಲ, ಅದಿಲ್ಲದೆ ವರ್ಕ್‌ಶಾಪ್ ಅನ್ನಿಸಿಕೊಳ್ಳುವುದಾದರೂ ಹೇಗೆ?

ನನ್ನ ಕೋಣೆ 10 ಅಡಿ ಉದ್ದ, 8 ಅಡಿ ಅಗಲ. ಅದುವರೆಗೆ ಹಳೆ ಸೂಟ್‌ಕೇಸು, ಮುರಿದ ಸೈಕಲ್ಲು, ಯಾರೂ ಓದದ ಪುಸ್ತಕಗಳ ಡಬ್ಬಗಳು ಅಲ್ಲಿದ್ದವು. ಅವನ್ನೆಲ್ಲ ಹೊರಗೆ ಹಾಕಿ, ಸುಣ್ಣ ಬಳಿಸಿ, ಯಂತ್ರವನ್ನು ನಡುಮಧ್ಯೆ ಕೂರಿಸಿದೆ. ಚೆನ್ನಾಗಿ ಕಾಣುತ್ತಿತ್ತು. ಒಂದು ವಾರ ಸುಮ್ನೆ ಹೋಗಿ ನೋಡಿ ಬರುತ್ತಿದ್ದೆ.

ಪ್ಲೈವುಡ್ ತಂದ ದಿನ ಲೆಕ್ಕ ಗೊತ್ತಾಯಿತು. ಒಂದು ಪೂರ್ತಿ ಹಾಳೆ 8 ಅಡಿ ಉದ್ದ, 4 ಅಡಿ ಅಗಲ. ಅದನ್ನು ಉದ್ದಕ್ಕೆ ಸೀಳಬೇಕಾದರೆ ಬ್ಲೇಡಿನ ಈಚೆ 8 ಅಡಿ ಜಾಗ ಬೇಕು, ಸೀಳಿದ್ದು ಹೋಗಲು ಆಚೆ 8 ಅಡಿ ಬೇಕು. ಅಲ್ಲಿಗೆ 16 ಆಯಿತು. ನನ್ನ ಹತ್ತಿರ ಇದ್ದದ್ದು 10. ಹಾಳೆಯನ್ನು ಕೋಣೆಯೊಳಗೆ ತಿರುಗಿಸಲೂ ಆಗಲಿಲ್ಲ. ಅದರ ಒಂದು ತುದಿ ಬಾಗಿಲಿಂದ ಹೊರಗೇ ಉಳಿಯಿತು.

ಸಣ್ಣ ತುಂಡುಗಳಿಗಾದರೂ ಆಗಲಿ ಅಂತ ಎರಡು ಸಲ ಓಡಿಸಿದೆ. ಎರಡನೇ ಸಲ ಜೀವ ಬಾಯಿಗೆ ಬಂತು. ಈ ಯಂತ್ರದ ಬ್ಲೇಡಿನ ಹಿಂದೆ ಒಂದು ತೆಳು ಲೋಹದ ಪಟ್ಟಿ ನಿಂತಿರಬೇಕು, ರೈವಿಂಗ್ ನೈಫ್ ಅಂತಾರೆ. ಸೀಳಿದ ಮರ ಮತ್ತೆ ಕೂಡಿಕೊಂಡು ಬ್ಲೇಡನ್ನು ಕಚ್ಚದ ಹಾಗೆ ಅದು ತಡೆಯುತ್ತದೆ. ನನಗೆ ಅದು ಅಡ್ಡ ಅನ್ನಿಸಿ ಬಿಚ್ಚಿಟ್ಟಿದ್ದೆ. ಬ್ಲೇಡಿನ ಹಿಂಭಾಗದ ಹಲ್ಲುಗಳು ಕೆಳಗಿಂದ ಮೇಲಕ್ಕೆ ಏಳುತ್ತಿರುತ್ತವೆ. ಮರ ಚೂರು ಓರೆಯಾಗಿ ಅವಕ್ಕೆ ತಾಗಿದರೆ ಸಾಕು, ಎತ್ತಿ ನಮ್ಮ ಕಡೆಗೇ ಬೀಸುತ್ತವೆ. ಅಂಗೈಯಗಲದ ತುಂಡೊಂದು ನನ್ನ ಸೊಂಟದ ಪಕ್ಕದಲ್ಲೇ ಹಾದು ಹಿಂದಿನ ಗೋಡೆಗೆ ಬಡಿಯಿತು. ಹೊಸ ಸುಣ್ಣದಲ್ಲಿ ಗುಳಿ ಬಿತ್ತು. ಆ ಗುಳಿ ಇನ್ನೂ ಹಾಗೇ ಇದೆ, ಮುಚ್ಚಿಸಿಲ್ಲ.

ಐದು ತಿಂಗಳ ನಂತರ ಯಂತ್ರವನ್ನು ಪರಿಚಯದವರೊಬ್ಬರಿಗೆ ಕೊಟ್ಟೆ. ಅವರ ಶೆಡ್ಡು ದೊಡ್ಡದು. ನಾನು ಕೈಯಲ್ಲಿ ಹಿಡಿಯುವ ಸರ್ಕ್ಯುಲರ್ ಸಾ ಒಂದನ್ನು ತಂದುಕೊಂಡೆ. ಈಗ ಪ್ಲೈವುಡ್ ಕೂಯ್ಯಬೇಕಾದರೆ ಅಂಗಳದಲ್ಲಿ ಥರ್ಮಾಕೋಲಿನ ದಪ್ಪ ಹಾಳೆ ಹಾಸಿ, ಅದರ ಮೇಲೆ ಪ್ಲೈವುಡ್ ಮಲಗಿಸುತ್ತೇನೆ. ನೇರವಾದ ಒಂದು ಅಲ್ಯೂಮಿನಿಯಂ ಪಟ್ಟಿಯನ್ನು ಕ್ಲ್ಯಾಂಪ್ ಹಾಕಿ ಬಿಗಿದು, ಅದಕ್ಕೆ ಒತ್ತಿಕೊಂಡು ಗರಗಸ ಓಡಿಸುವುದು. ಬ್ಲೇಡಿನ ಆಳ ಪ್ಲೈವುಡ್ಡಿನ ದಪ್ಪಕ್ಕಿಂತ ಚೂರೇ ಜಾಸ್ತಿ. ಕೆಳಗಿನ ಥರ್ಮಾಕೋಲಿನಲ್ಲಿ ಗೀರು ಬೀಳುತ್ತದೆ, ಬಿದ್ದರೆ ಬೀಳಲಿ. ದೊಡ್ಡ ಮರವನ್ನು ಯಂತ್ರದ ಹತ್ತಿರ ಹೊತ್ತೊಯ್ಯುವುದಕ್ಕಿಂತ ಸಣ್ಣ ಯಂತ್ರವನ್ನು ಮರದ ಮೇಲೆ ಓಡಿಸುವುದು ನನ್ನಂಥ ಒಂಟಿ ಕೆಲಸದವರಿಗೆ ಎಷ್ಟೋ ಸುಲಭ.

ಕೋಣೆ ಖಾಲಿಯಾದ ಮೇಲಾದರೂ ಬುದ್ಧಿ ಬರಬೇಕಿತ್ತು, ಅಲ್ವಾ? ಇಲ್ಲ. ಆಮೇಲೆ ಮೂರು ಭಾನುವಾರ ಗೋಡೆಗೆ ಸಾಮಾನು ತೂಗುಹಾಕುವ ಹಲಗೆ ಮಾಡುತ್ತ ಕೂತೆ. ಯಾವ ಉಪಕರಣ ಎಲ್ಲಿ ಅಂತ ಅದರ ಆಕಾರವನ್ನು ಬಣ್ಣದಲ್ಲಿ ಬರೆದೆ. 14 ಆಕಾರ ಬರೆದಿದ್ದೆ. ಇದ್ದ ಉಪಕರಣ 5.

ಮಗಳು ನೋಡಿ, "ಅಮ್ಮಾ, ಇದೇನು ಕಳ್ಳತನ ಆದ ಜಾಗದ ಥರ ಇದೆ?" ಅಂದಳು.

ಮೇಜು ಬೇಕು ಅಂತ ಅರ್ಥವಾದದ್ದು ಅದೇ ಹಲಗೆ ಮಾಡುವಾಗ. ನೆಲದ ಮೇಲೆ ಕೂತು, ಕಾಲಲ್ಲಿ ಮರ ಒತ್ತಿ ಹಿಡಿದು ಕೂಯ್ದೆ. ಹಿಂದಿನವರು ಹಾಗೇ ಮಾಡುತ್ತಿದ್ದರು, ಅವರ ಮೈಗೆ ಅದು ಒಗ್ಗಿತ್ತು. ನನ್ನ ಸೊಂಟ ಎರಡೇ ಗಂಟೆಗೆ ಕೈಕೊಟ್ಟಿತು. ತಮಾಷೆ ಏನೆಂದರೆ, ಮೇಜು ಮಾಡಬೇಕಾದರೆ ಮೊದಲು ಮೇಜು ಬೇಕು. ಊಟದ ಮೇಜಿಗೆ ಕಂಬಳಿ ಹೊದಿಸಿ ಒಂದು ತಿಂಗಳು ಆಕ್ರಮಿಸಿಕೊಂಡೆ. ಮನೆಯವರು ಏನೂ ಅನ್ನಲಿಲ್ಲ. ತಟ್ಟೆ ಹಿಡಿದುಕೊಂಡು ಸೋಫಾ ಮೇಲೆ ಕೂತರು, ಅಷ್ಟೆ. ಏನಾದರೂ ಅಂದಿದ್ದರೇ ವಾಸಿ ಇತ್ತು.

ಮೇಜಿನ ಎತ್ತರಕ್ಕೆ ಒಂದು ಸುಲಭದ ಅಳತೆ ಇದೆ. ನೆಟ್ಟಗೆ ನಿಂತು ತೋಳು ಇಳಿಬಿಟ್ಟರೆ ಮಣಿಕಟ್ಟಿನ ಗೆರೆ ಎಲ್ಲಿ ಬರುತ್ತದೋ ಹೆಚ್ಚುಕಡಿಮೆ ಅಲ್ಲಿಗೆ. ಮರದ ಮೈ ಹೆರೆದು ನುಣುಪು ಮಾಡುವ ಉಜ್ಜುಗೊರಡು ಹಿಡಿದು ಮೈಭಾರ ಹಾಕಿ ತಳ್ಳುವವರಿಗೆ ಇನ್ನೂ ಚೂರು ತಗ್ಗಿದ್ದರೆ ಒಳ್ಳೆಯದು. ಕೂತು ಓದುವ ಮೇಜಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನನ್ನದು 82 ಸೆಂಟಿಮೀಟರ್ ಬಂತು.

ಮೇಲ್ಭಾಗಕ್ಕೆ 18 ಮಿಲಿಮೀಟರಿನ ಎರಡು ಪ್ಲೈವುಡ್ ತುಂಡುಗಳನ್ನು ಒಂದರ ಮೇಲೊಂದು ಅಂಟಿಸಿದೆ. 36 ಮಿಲಿಮೀಟರ್ ದಪ್ಪ ಅಂದರೆ ಸುತ್ತಿಗೆ ಏಟಿಗೆ ಪುಟಿಯುವುದಿಲ್ಲ. ಅಂಟು ಹಾಕಿದ ಮೇಲೆ ಪೂರ್ತಿ ಮೈ ಒತ್ತಿ ಹಿಡಿಯಬೇಕು. ನನ್ನ ಹತ್ತಿರ ನಾಲ್ಕೇ ಕ್ಲ್ಯಾಂಪು. ಅಂಚಿಗೆ ಅವನ್ನು ಬಿಗಿದೆ. ನಡುವೆ ಏನು? ನಿಘಂಟುಗಳು ಬಂದವು, ನೀರು ತುಂಬಿದ ಎರಡು ಬಕೆಟ್ಟು ಬಂತು, ಕೊನೆಗೆ ಮಗಳೂ ಬಂದಳು. ಒಂದು ಗಂಟೆ ಅದರ ಮೇಲೆ ಕೂತು ಹೋಮ್‌ವರ್ಕ್ ಮಾಡಿದಳು. ಬಿಳಿ ಅಂಟು ಅರ್ಧದಿಂದ ಒಂದು ಗಂಟೆಯಲ್ಲಿ ಹಿಡಿದುಕೊಳ್ಳುತ್ತದೆ, ಪೂರ್ತಿ ಗಟ್ಟಿಯಾಗಲು 24 ಗಂಟೆ ಬಿಡಬೇಕು. ಮಗಳನ್ನು ಅಷ್ಟು ಹೊತ್ತು ಕೂರಿಸಿಕೊಳ್ಳಲಿಲ್ಲ.

ಚೌಕಟ್ಟು ಮಾತ್ರ ಸೊಟ್ಟ ಆಯಿತು. ನಾಲ್ಕು ಬದಿಯ ಅಳತೆ ಸರಿ ಇದ್ದ ಮಾತ್ರಕ್ಕೆ ಚೌಕ ನೆಟ್ಟಗಿದೆ ಅನ್ನುವಂತಿಲ್ಲ. ಮೂಲೆಯಿಂದ ಮೂಲೆಗೆ ಅಡ್ಡ ಅಳೆಯಬೇಕು, ಎರಡೂ ಅಡ್ಡಳತೆ ಒಂದೇ ಇರಬೇಕು. ನನ್ನದರಲ್ಲಿ 12 ಮಿಲಿಮೀಟರ್ ವ್ಯತ್ಯಾಸ. ಅಂಟು ಒಣಗುವ ಮುಂಚೆ ಅಳೆದಿದ್ದರೆ ಉದ್ದ ಇದ್ದ ಅಡ್ಡಳತೆಯ ಎರಡು ಮೂಲೆಗೆ ಕ್ಲ್ಯಾಂಪ್ ಹಾಕಿ ಎಳೆದು ಸರಿ ಮಾಡಬಹುದಿತ್ತು. ನಾನು ಅಳೆದದ್ದು ಮಾರನೇ ದಿನ. ಮೇಜು ಇವತ್ತಿಗೂ ಸ್ವಲ್ಪ ಓರೆಯೇ. ಕೆಳಗಿನ ಅಟ್ಟದಲ್ಲಿ ಎರಡು ಮರಳಿನ ಚೀಲ ಇಟ್ಟ ಮೇಲೆ ಅಲುಗಾಡುವುದಾದರೂ ನಿಂತಿತು. ಒಂದು ಬದಿಗೆ ವೈಸ್ ಕೂರಿಸಿದೆ. ಮರವನ್ನು ಗಟ್ಟಿಯಾಗಿ ಹಿಡಿದುಕೊಳ್ಳಲು ಇನ್ನೊಂದು ಕೈ ಸಿಕ್ಕ ಹಾಗಾಯಿತು. ಮೊದಲ ಸಲ ಗರಗಸ ನಾನು ಹೇಳಿದ ಕಡೆ ಹೋಯಿತು.

ಬೆಳಕಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಚಾವಣಿಯ ನಡುವೆ ಒಂದೇ ದೀಪ ಇದ್ದರೆ ನಮ್ಮ ತಲೆಯ ನೆರಳು ಸರಿಯಾಗಿ ಪೆನ್ಸಿಲ್ ಗೆರೆಯ ಮೇಲೇ ಬೀಳುತ್ತದೆ. ಎರಡು ಬದಿಯಿಂದ ಎರಡು ದೀಪ ಹಾಕಿಸಿ. ಕೆಳಮಟ್ಟದಲ್ಲಿ ಪಕ್ಕದಿಂದ ಬೀಳುವ ಇನ್ನೊಂದು ಸಣ್ಣ ದೀಪ ಇದ್ದರೆ ಮರದ ಮೈಯ ಏರುತಗ್ಗೆಲ್ಲ ಎದ್ದು ಕಾಣುತ್ತದೆ. ಇನ್ನು ಕರೆಂಟು. ಮೋಟರು ಶುರುವಾಗುವ ಕ್ಷಣದಲ್ಲಿ ಓಡುವಾಗಿನದಕ್ಕಿಂತ ಹಲವು ಪಟ್ಟು ಜಾಸ್ತಿ ಎಳೆಯುತ್ತದೆ. ಗರಗಸ, ವ್ಯಾಕ್ಯೂಮ್ ಎರಡನ್ನೂ ಒಂದೇ ತೆಳು ಎಕ್ಸ್‌ಟೆನ್ಷನ್ ವೈರಿಗೆ ಸಿಕ್ಕಿಸಿದ ನನ್ನಿಂದ ಮನೆಯೆಲ್ಲ ಕತ್ತಲಾಯಿತು. ಅದಕ್ಕೆ ಪ್ರತ್ಯೇಕ ಲೈನು ಎಳೆಸಿದೆ. ಎಲೆಕ್ಟ್ರಿಷಿಯನ್ ಕೈಯಲ್ಲೇ.

ಈಗ ಉಳಿಯ ಕಥೆ. ಇದನ್ನು ನಿಧಾನವಾಗಿ ಹೇಳಬೇಕು.

ಮೇಜು ಆಯಿತು, ನಾಲ್ಕು ಹೊಸ ಉಳಿ ತಂದೆ. ಎರಡು ಮರ ಕೂಡಿಸಲು ಒಂದರಲ್ಲಿ ಕಂಡಿ ಕೊರೆದು, ಇನ್ನೊಂದರ ತುದಿಯನ್ನು ನಾಲಿಗೆಯ ಹಾಗೆ ಕತ್ತರಿಸಿ ಒಳಗೆ ಕೂರಿಸುತ್ತಾರಲ್ಲ, ಅದನ್ನು ಕಲಿಯುವ ಆಸೆ. ಕೊಡತಿಯಲ್ಲಿ ಹೊಡೆದೆ. ಮರ ಕತ್ತರಿಸಲಿಲ್ಲ, ಜಜ್ಜಿ ಹೋಯಿತು. ಇನ್ನೂ ಜೋರಾಗಿ ಹೊಡೆದೆ. ಕಂಡಿಯ ಅಂಚು ಸಿಗಿದು ಹೋಯಿತು. ಎರಡು ವಾರ ಹೀಗೇ. ನನ್ನ ಕೈಗೆ ಈ ಕೆಲಸ ಬರುವುದಿಲ್ಲ ಅಂತ ತೀರ್ಮಾನಕ್ಕೆ ಬಂದಿದ್ದೆ.

ಆ ಹೊತ್ತಿಗೆ ಮನೆಯ ಬಾಗಿಲೊಂದು ಸರಿಯಾಗಿ ಕೂರುತ್ತಿಲ್ಲ ಅಂತ ಬಡಗಿ ಒಬ್ಬರು ಬಂದಿದ್ದರು. ಅರವತ್ತು ದಾಟಿದ್ದವರು. ಕೆಲಸ ಮುಗಿಸಿ ಹೋಗುವಾಗ ನನ್ನ ಕೋಣೆಗೆ ಇಣುಕಿದರು. ಗೋಡೆಯ ಆಕಾರಗಳನ್ನು ನೋಡಿ ನಗು ತಡೆದುಕೊಂಡದ್ದು ನನಗೆ ಕಾಣಿಸಿತು. ಒಂದು ಉಳಿ ಎತ್ತಿ ಅದರ ಬಾಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಇಟ್ಟರು. ಜಾರಿತು.

"ಮೇಡಂ, ಇದಕ್ಕೆ ಸಾಣೆ ಹಿಡಿದೇ ಇಲ್ವಲ್ಲ."

"ಹೊಸದು, ಹೋದ ತಿಂಗಳು ತಂದಿದ್ದು."

"ಹೊಸದಕ್ಕೇ ಮೊದಲು ಹಿಡೀಬೇಕು. ಕಾರ್ಖಾನೆಯವರು ಆಕಾರ ಕೊಡ್ತಾರೆ. ಹರಿತ ನಾವೇ ಮಾಡ್ಕೋಬೇಕು."

ತಮ್ಮ ಚೀಲದಿಂದ ಅವರದೊಂದು ಉಳಿ ತೆಗೆದರು. ಸವೆದು ಸವೆದು ಗಿಡ್ಡವಾಗಿತ್ತು, ಹಿಡಿ ಸೀಳಿತ್ತು. ಉಗುರಿಗೆ ಇಟ್ಟರೆ ಕಚ್ಚಿಕೊಂಡು ನಿಂತಿತು. ಅದನ್ನು ನನ್ನ ಕೈಗೆ ಕೊಟ್ಟು, ಮರದ ಕಡಿದ ತುದಿಯನ್ನು ಸವರಿ ನೋಡಿ ಅಂದರು. ಹೊಡೆಯಬೇಕಾಗಲಿಲ್ಲ. ಬರೀ ಕೈಯಲ್ಲಿ ತಳ್ಳಿದರೆ ತೆಳು ಪದರ ಎದ್ದು ಬಂತು, ಕೆಳಗಿನ ಮರ ಪಾಲಿಶ್ ಮಾಡಿದ ಹಾಗೆ ಮಿನುಗಿತು. ನಾನು ಎರಡು ವಾರ ಬೈದುಕೊಂಡದ್ದು ನನ್ನ ಕೈಯನ್ನು.

ಅವರು ಹೋದ ಮೇಲೆ ಸಾಣೆ ಹಿಡಿಯುವುದನ್ನೇ ಒಂದು ತಿಂಗಳು ಕಲಿತೆ. ಕಲ್ಲಿಗೆ ಕಾಯದೆ ದಪ್ಪ ಗಾಜಿನ ತುಂಡಿನ ಮೇಲೆ ನೀರು ಕಾಗದ, ಅಂದರೆ ನೀರು ಹಾಕಿ ಉಜ್ಜುವ ಉಪ್ಪುಕಾಗದ, ಅಂಟಿಸಿಕೊಂಡೆ. ಗಾಜು ಚಪ್ಪಟೆ ಇರುತ್ತದೆ, ಅದಕ್ಕೇ ಗಾಜು. 400ರ ಕಾಗದದಲ್ಲಿ ಶುರು, ಆಮೇಲೆ 800, 1500, 2000; ನಂಬರ್ ಏರಿದಷ್ಟೂ ಕಾಗದ ನುಣ್ಣಗೆ. ಮೊದಲು ಉಳಿಯ ಬೆನ್ನು, ಅಂದರೆ ಅದರ ಚಪ್ಪಟೆ ಬದಿ. ಪೂರ್ತಿ ಬೇಕಾಗಿಲ್ಲ, ಬಾಯಿಯ ಹತ್ತಿರದ ಒಂದು ಅಂಗುಲ ಕನ್ನಡಿಯಾದರೆ ಸಾಕು. ಮೊದಲ ಉಳಿಯ ಬೆನ್ನಿಗೇ ನನಗೆ ಒಂದೂವರೆ ಗಂಟೆ ಹಿಡಿಯಿತು. ಅದು ಒಂದು ಸಲದ ಕೆಲಸ, ಮತ್ತೆ ಮಾಡಬೇಕಿಲ್ಲ. ಆಮೇಲೆ ಇಳಿಜಾರು, ಅಂದರೆ ಬೆನ್ನಿನ ಎದುರು ಬದಿಯಲ್ಲಿ ಬಾಯಿಯ ಕಡೆಗೆ ಓರೆಯಾಗಿರುವ ಮುಖ. ಸಾಮಾನ್ಯವಾಗಿ 25 ಡಿಗ್ರಿಗೆ ಅರೆದಿರುತ್ತಾರೆ. ತುದಿಯನ್ನು ಮಾತ್ರ 30 ಡಿಗ್ರಿಗೆ ಎತ್ತಿ ಉಜ್ಜಿದರೆ ಬೇಗ ಹರಿತ ಬರುತ್ತದೆ, ಬಾಳಿಕೆಯೂ ಜಾಸ್ತಿ. ಕೋನ ಅಲುಗದ ಹಾಗೆ ಹಿಡಿಯಲು ಸಣ್ಣ ಗಾಲಿ ಇರುವ ಹೋನಿಂಗ್ ಗೈಡ್ ಬಳಸಿದೆ. ಬರೀ ಕೈಯಲ್ಲೇ ಮಾಡಬೇಕು ಅನ್ನುವವರು ಇದ್ದಾರೆ. ಮಾಡಲಿ. ನನಗೆ ಗಾಲಿ ಬೇಕು.

ಎಷ್ಟು ಉಜ್ಜಿದರೆ ಸಾಕು ಅನ್ನುವುದನ್ನು ಉಳಿಯೇ ಹೇಳುತ್ತದೆ. ಇಳಿಜಾರನ್ನು ಉಜ್ಜುತ್ತ ಹೋದ ಹಾಗೆ ಬೆನ್ನಿನ ಕಡೆ ಒಂದು ಸಣ್ಣ ಮಡಿಕೆ ಏಳುತ್ತದೆ. ಕಣ್ಣಿಗೆ ಕಾಣದಿದ್ದರೂ ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆಗೆ ಸವರಿದರೆ ತಡೆಯುವುದು ಗೊತ್ತಾಗುತ್ತದೆ. ಬಾಯಿಯ ಈ ತುದಿಯಿಂದ ಆ ತುದಿಯವರೆಗೂ ಅದು ಸಿಕ್ಕರೆ ಮುಂದಿನ ನುಣ್ಣನೆಯ ಕಾಗದಕ್ಕೆ ಹೋಗಬಹುದು. ಸಿಗದಿದ್ದರೆ ಇನ್ನೂ ಅಲ್ಲಿಗೆ ಮುಟ್ಟಿಲ್ಲ ಅಂತ ಅರ್ಥ. ನಾನು ಮೊದಮೊದಲು ಸೋತದ್ದು ಇಲ್ಲೇ. ಒರಟು ಕಾಗದದಲ್ಲಿ ಬೇಜಾರಾಗಿ ಬೇಗ ಬಿಟ್ಟು, ನುಣ್ಣನೆಯದರಲ್ಲಿ ಗಂಟೆಗಟ್ಟಲೆ ಉಜ್ಜುತ್ತಿದ್ದೆ. ಉಳಿ ಹೊಳೆಯುತ್ತಿತ್ತು, ಕೂಯ್ಯುತ್ತಿರಲಿಲ್ಲ.

ಉಜ್ಜುಗೊರಡಿನದೂ ಇದೇ ಗೋಳು. ಬಡಗಿಗಳು ಹತ್ತರಿ ಅಂತಲೂ ಕರೆಯುತ್ತಾರೆ. ನನ್ನದು ಕಬ್ಬಿಣದ್ದು, ನಂಬರ್ 4 ಅನ್ನುವ ಅಳತೆ, ಅಂದರೆ ಸುಮಾರು ಒಂಬತ್ತೂವರೆ ಅಂಗುಲ ಉದ್ದ, 2 ಅಂಗುಲದ ಬ್ಲೇಡು. ಬ್ಲೇಡಿಗೆ ಸಾಣೆ ಹಿಡಿದು, ಕೂದಲೆಳೆಯಷ್ಟೇ ಹೊರಗೆ ಬಿಟ್ಟು ತಳ್ಳಿದಾಗ ಸುಯ್ ಅಂತ ಒಂದು ಸದ್ದು ಬಂತು. ಸುರುಳಿ ಸುತ್ತಿಕೊಂಡು ಮೇಲೆ ಎದ್ದು ಬಂದ ಪದರದ ಹಿಂದೆ ಪತ್ರಿಕೆ ಇಟ್ಟು ಓದಿದೆ. ಓದಲು ಬಂತು! ಅವತ್ತು ಏನೂ ಮಾಡಲಿಲ್ಲ. ಒಂದು ಹಲಗೆ ಮುಗಿಯುವ ತನಕ ಸುರುಳಿ ತೆಗೆದೆ.

ಸುರುಳಿ ಬರಬೇಕಾದರೆ ನಾರು ಯಾವ ಕಡೆ ಮಲಗಿದೆ ಅಂತ ನೋಡಬೇಕು. ಹಲಗೆಯ ಪಕ್ಕದ ಅಂಚಿನಲ್ಲಿ ನಾರಿನ ಗೆರೆಗಳು ಮೇಲೇರುವ ದಿಕ್ಕಿಗೆ ತಳ್ಳಿದರೆ ನುಣುಪು. ಎದುರು ದಿಕ್ಕಿಗೆ ಹೋದರೆ ಬೆಕ್ಕಿನ ಮೈಯನ್ನು ಬಾಲದಿಂದ ತಲೆಗೆ ಸವರಿದ ಹಾಗೆ, ಎದ್ದು ಕಿತ್ತು ಬರುತ್ತದೆ.

ಇಷ್ಟೆಲ್ಲ ಆದ ಮೇಲೆ ಮಾಡಿದ ಮೊದಲ ವಸ್ತು ಒಂದು ಪೆಟ್ಟಿಗೆ. ಅಚ್ಚುಕಟ್ಟಾಗಿ ಬಂತು. ಮುಚ್ಚಳಕ್ಕೆ ಅಗಲವಾದ ಒಂದೇ ಹಲಗೆ ಹಾಕಿ, ಅದು ಬಾಗಬಾರದು ಅಂತ ಕೆಳಗಡೆ ಅಡ್ಡಪಟ್ಟಿ ಇಟ್ಟು, ಅಂಟು ಹಾಕಿ, ಮೇಲೆ ಆರು ಸ್ಕ್ರೂ ಬಿಗಿದೆ. ಎರಡು ತಿಂಗಳಿಗೆ ಒಂದು ರಾತ್ರಿ ಟಪ್ ಅಂತ ಸದ್ದು. ಬೆಳಗ್ಗೆ ನೋಡಿದರೆ ಮುಚ್ಚಳ ಉದ್ದಕ್ಕೆ ಬಿರುಕು ಬಿಟ್ಟಿತ್ತು.

ಮರ ಒಣಗುತ್ತ ಕುಗ್ಗುತ್ತದೆ, ತೇವಕ್ಕೆ ಹಿಗ್ಗುತ್ತದೆ. ನಾರಿನ ಉದ್ದಕ್ಕೆ ಬಹಳ ಕಮ್ಮಿ, ಲೆಕ್ಕಕ್ಕೇ ಇಲ್ಲ. ಅಗಲಕ್ಕೆ ಮಾತ್ರ ಕಣ್ಣಿಗೆ ಕಾಣುವಷ್ಟು. ಅದರಲ್ಲೂ ಮರದ ಬೆಳವಣಿಗೆಯ ಉಂಗುರಗಳ ಸುತ್ತಿನ ದಿಕ್ಕಿನಲ್ಲಿ ಕುಗ್ಗುವುದು, ತಿರುಳಿನಿಂದ ತೊಗಟೆಯ ದಿಕ್ಕಿಗಿಂತ ಸುಮಾರು ಎರಡು ಪಟ್ಟು. ಹಲಗೆ ಬಟ್ಟಲಿನ ಹಾಗೆ ಬಾಗುವುದು ಇದೇ ಕಾರಣಕ್ಕೆ. ನನ್ನ ಮುಚ್ಚಳ ಅಗಲದಲ್ಲಿ ಕುಗ್ಗಲು ನೋಡಿತು, ಅಡ್ಡಪಟ್ಟಿ ಬಿಡಲಿಲ್ಲ, ನಡುವೆ ಸಿಗಿಯಿತು. ಸ್ಕ್ರೂ ತೂತನ್ನು ಸ್ವಲ್ಪ ಉದ್ದುದ್ದ ಕೊರೆದು, ಅಂಟು ಹಾಕದೆ ಬಿಟ್ಟಿದ್ದರೆ ಮರಕ್ಕೆ ಅತ್ತಿತ್ತ ಸರಿಯಲು ಜಾಗ ಸಿಗುತ್ತಿತ್ತು. ಪ್ಲೈವುಡ್ಡಿನಲ್ಲಿ ಪದರಗಳನ್ನು ಒಂದಕ್ಕೊಂದು ಅಡ್ಡಡ್ಡ ಅಂಟಿಸಿರುವುದರಿಂದ ಈ ತಾಪತ್ರಯ ಇಲ್ಲ.

ಮರ ಮಾರಿದವರು 'ಪೂರ್ತಿ ಒಣಗಿದೆ' ಅಂದಿದ್ದರು. ಎಲ್ಲರೂ ಹಾಗೇ ಅನ್ನುತ್ತಾರೆ. ಗಾಳಿಯಲ್ಲಿ ಒಣಗಿಸುವುದಾದರೆ ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷ ಅನ್ನುವುದು ಹಳೆಯ ಅಂದಾಜು. ಮರದ ಜಾತಿ, ಹವೆ ನೋಡಿಕೊಂಡು ಹೆಚ್ಚುಕಡಿಮೆ ಆಗುತ್ತದೆ. ಈಗ ಹಲಗೆ ತಂದರೆ ನಡುನಡುವೆ ಸಣ್ಣ ರೀಪು ಇಟ್ಟು, ಗಾಳಿ ಆಡುವ ಹಾಗೆ ಪೇರಿಸಿಡುತ್ತೇನೆ. ತುದಿಗಳಿಗೆ ಬಣ್ಣ ಬಳಿಯುತ್ತೇನೆ, ಯಾಕೆಂದರೆ ಕಡಿದ ತುದಿಯಿಂದ ನೀರು ಬೇಗ ಹೋಗಿ ಅಲ್ಲಿಂದಲೇ ಬಿರುಕು ಶುರುವಾಗುತ್ತದೆ.

ಹೆದರಿಕೆಯ ಎರಡು ಮಾತು. ಒಂದು, ಧೂಳು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ನಾನು ಇದನ್ನು ಓದಿದ್ದು ಆರು ತಿಂಗಳು ಮಾಸ್ಕ್ ಇಲ್ಲದೆ ಸ್ಯಾಂಡರ್, ಅಂದರೆ ಮರ ಉಜ್ಜಿ ನುಣುಪು ಮಾಡುವ ಯಂತ್ರ, ಓಡಿಸಿದ ಮೇಲೆ. ನೆಲದ ಮೇಲೆ ಬೀಳುವ ಹೊಟ್ಟಿಗಿಂತ, ಗಾಳಿಯಲ್ಲಿ ಗಂಟೆಗಟ್ಟಲೆ ತೇಲುವ ನುಣ್ಣನೆಯ ಪುಡಿ ಶ್ವಾಸಕೋಶದ ಆಳಕ್ಕೆ ಹೋಗುತ್ತದೆ. ಈಗ ಸ್ಯಾಂಡರಿಗೆ ವ್ಯಾಕ್ಯೂಮಿನ ಪೈಪು ಕಟ್ಟಿದ್ದೇನೆ, ಎನ್95 ಮಾಸ್ಕ್ ಮೊಳೆಗೆ ನೇತಾಡುತ್ತಿರುತ್ತದೆ. ಕಿವಿಗೂ ಮುಚ್ಚಿಕೊಳ್ಳುತ್ತೇನೆ. ಸಂಜೆ ಏಳರ ಮೇಲೆ ಯಂತ್ರ ಮುಟ್ಟುವುದಿಲ್ಲ, ಅದು ನನ್ನ ಕಿವಿಗಲ್ಲ, ಪಕ್ಕದ ಮನೆಯವರ ಕಿವಿಗೆ. ಕೈಗರಗಸ ಎಷ್ಟು ಹೊತ್ತಿಗೆ ಎಳೆದರೂ ಯಾರೂ ಕೇಳುವುದಿಲ್ಲ.

ಎರಡು, ಎಣ್ಣೆ ಬಟ್ಟೆ. ಒಂದು ಸಣ್ಣ ಸ್ಟೂಲಿಗೆ ಅಗಸೆ ಎಣ್ಣೆ ಒರೆಸಿ, ಬಟ್ಟೆಯನ್ನು ಮುದ್ದೆ ಮಾಡಿ ಹೊಟ್ಟಿನ ಬುಟ್ಟಿಗೆ ಎಸೆದು ಬಂದೆ. ಎರಡು ಗಂಟೆ ಬಿಟ್ಟು ಏನೋ ಮರೆತು ಹೋದರೆ ಕಮಟು ವಾಸನೆ. ಬಟ್ಟೆ ಮುಟ್ಟಿದೆ, ಬೆಂಕಿಯ ಹಾಗೆ ಸುಡುತ್ತಿತ್ತು. ಈ ಎಣ್ಣೆ ಆರುವುದು ನೀರು ಆರಿದ ಹಾಗಲ್ಲ. ಗಾಳಿಯ ಆಮ್ಲಜನಕದ ಜೊತೆ ಕೂಡಿ ಗಟ್ಟಿಯಾಗುತ್ತದೆ, ಆಗ ಶಾಖ ಹುಟ್ಟುತ್ತದೆ. ಮುದ್ದೆಯೊಳಗೆ ಶಾಖಕ್ಕೆ ಹೊರಹೋಗಲು ದಾರಿ ಇಲ್ಲ, ಏರುತ್ತ ಏರುತ್ತ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಕಡ್ಡಿ ಗೀರಬೇಕಾಗಿಲ್ಲ. ಸುತ್ತಲೂ ಒಣ ಹೊಟ್ಟು. ನಾನು ಏನನ್ನೋ ಮರೆತದ್ದು ಒಳ್ಳೆಯದಾಯಿತು. ಈಗ ಬಟ್ಟೆಯನ್ನು ಹೊರಗೆ ತಂತಿಯ ಮೇಲೆ ಬಿಡಿಸಿ ಹಾಕುತ್ತೇನೆ, ಪೂರ್ತಿ ಆರಿ ಗರಿಗರಿಯಾದ ಮೇಲೇ ಕಸಕ್ಕೆ. ಆ ರಾತ್ರಿ ಮೂರು ಸಲ ಎದ್ದು ಕೋಣೆ ನೋಡಿ ಬಂದಿದ್ದೆ.

ಸ್ಟೂಲು ಚೆನ್ನಾಗಿದೆ. ಮೊದಲು ಅಲುಗುತ್ತಿತ್ತು. ಒಂದು ಕಾಲು ಕತ್ತರಿಸಿ, ಆಮೇಲೆ ಇನ್ನೊಂದು ಕತ್ತರಿಸಿ, ಅಂತ ಹೋಗಲಿಲ್ಲ. ಚಪ್ಪಟೆ ಮೇಜಿನ ಮೇಲೆ ನಿಲ್ಲಿಸಿ, ಗಿಡ್ಡ ಕಾಲಿಗೆ ತೆಳು ಬೆಣೆ ಕೊಟ್ಟು ಸೀಟನ್ನು ಮಟ್ಟ ಮಾಡಿದೆ. ಒಂದು ಮರದ ತುಂಡಿನ ಮೇಲೆ ಪೆನ್ಸಿಲನ್ನು ಮಲಗಿಸಿ ನಾಲ್ಕೂ ಕಾಲಿನ ಸುತ್ತ ಗೆರೆ ಎಳೆದೆ. ಗೆರೆಗೆ ಸರಿಯಾಗಿ ಕೂಯ್ದರೆ ನಾಲ್ಕೂ ಒಂದೇ ಮಟ್ಟ. ಮಗಳು ಈಗ ಅದನ್ನು ತನ್ನ ಕೋಣೆಗೆ ಎತ್ತಿಕೊಂಡು ಹೋಗಿದ್ದಾಳೆ.

ಗೋಡೆಯ 14 ಆಕಾರಗಳಲ್ಲಿ ಈಗ 9 ತುಂಬಿವೆ. ಉಳಿದ 5ರಲ್ಲಿ ಮೂರು ಯಾವ ಉಪಕರಣದ್ದು ಅಂತ ನನಗೇ ನೆನಪಿಲ್ಲ.

ಮೇಜಿನ ಕೆಳಗೆ, ಮರಳಿನ ಚೀಲದ ಪಕ್ಕ, ಆರು ಹಲಗೆ ಒಣಗುತ್ತಿವೆ. ಪ್ರತಿಯೊಂದರ ಮೇಲೂ ಪೆನ್ಸಿಲಿನಲ್ಲಿ ತಾರೀಖು, ತೂಕ ಬರೆದಿದ್ದೇನೆ. ತಿಂಗಳಿಗೊಮ್ಮೆ ತೂಗುತ್ತೇನೆ. ತೂಕ ಇಳಿಯುವುದು ನಿಂತಾಗ ಮರ ಕೋಣೆಯ ಹವೆಗೆ ಹೊಂದಿಕೊಂಡಿದೆ ಅಂತ ಲೆಕ್ಕ. ಅವು ಪುಸ್ತಕದ ಕಪಾಟಿಗೆ. ಹೋದ ತಿಂಗಳು ಮೊದಲನೇ ಹಲಗೆ 90 ಗ್ರಾಂ ಇಳಿದಿತ್ತು, ಈ ತಿಂಗಳು 40. ಕಪಾಟಿಗೆ ಕಾಯುತ್ತಿರುವ ಪುಸ್ತಕಗಳ ಡಬ್ಬ ಸದ್ಯಕ್ಕೆ ಹಜಾರದಲ್ಲಿವೆ, ಮನೆಯವರು ದಿನಾ ದಾಟಿಕೊಂಡು ಓಡಾಡುತ್ತಿದ್ದಾರೆ.